ಡಬ್ಬಿಯಲ್ಲಿ ರಾಕೆಟ್ ಬಂತು, ಎಂಜಿನ್ ಬರಲಿಲ್ಲ: ಎರಡು ಹಂತದ ಮಾಡೆಲ್ ರಾಕೆಟ್ ಹಾರೋದು ಹೇಗೆ?

ಈ ಸಂಚಿಕೆ ಶುರುವಾಗೋದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಿಂದ ಬಂದ ಒಂದು ವಾಯ್ಸ್ ಮೆಸೇಜ್‌ನಿಂದ. ಕೇಳಿದವರು ಹೀಗೆ ಹೇಳಿದ್ದಾರೆ: "ಸಾರ್, ನಮ್ಮ ಅಕ್ಕನ ಮಗ ಎಂಟನೇ ಕ್ಲಾಸು. ಅಮೆರಿಕದಲ್ಲಿರೋ ಅವರ ಚಿಕ್ಕಪ್ಪ ಎರಡು ಹಂತದ ರಾಕೆಟ್ ಕಿಟ್ ತಂದುಕೊಟ್ಟಿದ್ದಾರೆ. ಡಬ್ಬೀಲಿ ಎಲ್ಲಾ ಇದೆ, ಎಂಜಿನ್ ಮಾತ್ರ ಇಲ್ಲ. ದೀಪಾವಳಿ ರಾಕೆಟ್ ಬಿಚ್ಚಿ ಅದರ ಮದ್ದನ್ನ ತುಂಬಿದರೆ ಹಾರುತ್ತಾ ಅಂತ ಹುಡುಗ ಕೇಳ್ತಿದ್ದಾನೆ. ಏನು ಹೇಳಲಿ?"

ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ. ಬೇಡ. ಯಾವ ಕಾರಣಕ್ಕೂ ಬೇಡ. ಆದರೆ ಹುಡುಗನಿಗೆ ಬರೀ "ಬೇಡ" ಅಂದ್ರೆ ಅವನು ಸುಮ್ಮನಾಗ್ತಾನೆ, ಆಮೇಲೆ ನಾವು ಇಲ್ಲದಾಗ ಮಾಡ್ತಾನೆ. ಯಾಕೆ ಬೇಡ ಅನ್ನೋದು ಅವನಿಗೆ ಅರ್ಥ ಆಗಬೇಕು ಅಂದ್ರೆ ಎರಡು ಹಂತದ ರಾಕೆಟ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಾಗಬೇಕು. ಇವತ್ತು ಅದನ್ನೇ ನೋಡೋಣ. ಕೊನೆಯಲ್ಲಿ, ಬೆಂಕಿ ಕಡ್ಡಿ ಮುಟ್ಟದೆ ಎರಡು ಹಂತದ ರಾಕೆಟ್ ಹಾರಿಸೋದು ಹೇಗೆ ಅಂತಾನೂ ಹೇಳ್ತೀನಿ.

ಹಂತ ಅಂದ್ರೆ ಏನು?

ಶ್ರೀನಿವಾಸಪುರ ಮಾವಿಗೆ ಹೆಸರಾದ ತಾಲ್ಲೂಕು. ಅಲ್ಲಿಂದಲೇ ಒಂದು ಉದಾಹರಣೆ ತೊಗೊಳ್ಳೋಣ. ಮಾವಿನಹಣ್ಣು ತುಂಬಿದ ಗಾಡಿ ಘಾಟಿ ಹತ್ತುತ್ತಿದೆ ಅಂದುಕೊಳ್ಳಿ. ದಾರಿಗೆ ಬೇಕಾದ ಡೀಸೆಲ್ ಡ್ರಮ್‌ಗಳೂ ಗಾಡಿಯಲ್ಲೇ ಇವೆ. ಅರ್ಧ ದಾರಿಗೆ ಒಂದು ಡ್ರಮ್ ಖಾಲಿ. ಆ ಖಾಲಿ ಡ್ರಮ್ಮನ್ನ ಮೇಲಿನವರೆಗೂ ಹೊತ್ತುಕೊಂಡು ಹೋಗೋದರಲ್ಲಿ ಅರ್ಥ ಇದೆಯಾ? ಅಲ್ಲೇ ಇಳಿಸಿದರೆ ಉಳಿದ ಡೀಸೆಲ್‌ನಲ್ಲಿ ಗಾಡಿ ಇನ್ನೂ ಮುಂದೆ ಹೋಗುತ್ತೆ.

ರಾಕೆಟ್‌ನ ಹಂತ ಅಂದ್ರೆ ಇಷ್ಟೇ. ಕೆಳಗಿನ ಭಾಗ ಮೊದಲು ಉರಿದು ಮೇಲಿನ ಭಾಗವನ್ನ ಎತ್ತುತ್ತೆ. ತನ್ನ ಕೆಲಸ ಮುಗಿದ ಕೂಡಲೇ ಕಳಚಿಕೊಂಡು ಬೀಳುತ್ತೆ. ಮೇಲಿನ ಭಾಗ ಹಗುರವಾಗಿ, ಆಗಲೇ ಪಡೆದ ವೇಗದ ಮೇಲೆ ತನ್ನ ವೇಗವನ್ನೂ ಸೇರಿಸಿಕೊಂಡು ಹೋಗುತ್ತೆ.

ನಮ್ಮ ದೇಶದ ಬಾಹ್ಯಾಕಾಶದ ಕಥೆ ಶುರುವಾಗಿದ್ದೂ ಎರಡು ಹಂತದ ರಾಕೆಟ್‌ನಿಂದಲೇ. 1963ರ ನವೆಂಬರ್ 21ರ ಸಂಜೆ ಕೇರಳದ ತುಂಬಾದಿಂದ ಹಾರಿದ ಮೊದಲ ರಾಕೆಟ್ ಅಮೆರಿಕದ 'ನೈಕಿ–ಅಪಾಚಿ'. ಕೆಳಗಿನ ಹಂತ ನೈಕಿ, ಮೇಲಿನ ಹಂತ ಅಪಾಚಿ. ಮೇಲೆ ಹೋಗಿ ಸೋಡಿಯಂ ಆವಿ ಬಿಟ್ಟು, ಎತ್ತರದ ಗಾಳಿ ಯಾವ ಕಡೆ ಬೀಸುತ್ತೆ ಅಂತ ತೋರಿಸೋದು ಅದರ ಕೆಲಸವಾಗಿತ್ತು.

ಕಿಟ್ ಡಬ್ಬಿಯೊಳಗೆ ಏನಿರುತ್ತೆ?

ಈಗ ಹುಡುಗನ ಡಬ್ಬಿ ತೆರೆಯೋಣ. ಕಾಗದದ ಕೊಳವೆ ಎರಡು, ಒಂದು ಉದ್ದ, ಒಂದು ಗಿಡ್ಡ. ಉದ್ದದ್ದು ಮೇಲಿನ ಹಂತ, ಗಿಡ್ಡದ್ದು ಬೂಸ್ಟರ್, ಅಂದ್ರೆ ಕೆಳಗಿನ ಹಂತ. ಪ್ಲಾಸ್ಟಿಕ್ ಅಥವಾ ಹಗುರ ಮರದ ಮೂತಿ. ಬಾಲ್ಸಾ ಅನ್ನೋ ತುಂಬಾ ಹಗುರವಾದ ಮರದ ರೆಕ್ಕೆಗಳು. ಒಂದು ಪ್ಯಾರಾಚೂಟ್ ಅಥವಾ ಉದ್ದನೆಯ ಪಟ್ಟಿ. ಎಲ್ಲೂ ಕಬ್ಬಿಣ ಇಲ್ಲ, ಗಮನಿಸಿ. ಇದಕ್ಕೆ ಮತ್ತೆ ಬರ್ತೀನಿ.

ರೆಕ್ಕೆ ಅಂಟಿಸುವಾಗ ಮರದ ಎಳೆ ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಸಾಗಬೇಕು. ಅಡ್ಡ ಇದ್ದರೆ ಗಾಳಿಯ ಹೊಡೆತಕ್ಕೆ ಬಿಸ್ಕೆಟ್ ಥರ ಮುರಿಯುತ್ತೆ. ಮರಕ್ಕೆ ಹಚ್ಚುವ ಬಿಳಿ ಅಂಟು ಸಾಕು. ಒಣಗಿದ ಮೇಲೆ ಬುಡದಲ್ಲಿ ಇನ್ನೊಂದು ಸುತ್ತು ಅಂಟು ಹಚ್ಚಿ, ಬೆರಳಲ್ಲಿ ನಯ ಮಾಡಿ.

ಬೂಸ್ಟರ್‌ನ ರೆಕ್ಕೆ ಸಾಮಾನ್ಯವಾಗಿ ದೊಡ್ಡದು. ಯಾಕೆ ಅಂದ್ರೆ, ಎರಡು ಎಂಜಿನ್ ಹಿಂದುಗಡೆ ಕೂತಾಗ ರಾಕೆಟ್‌ನ ತೂಕ ಹಿಂದಕ್ಕೆ ಹೋಗುತ್ತೆ. ರಾಕೆಟ್ ನೆಟ್ಟಗೆ ಹಾರಬೇಕಾದರೆ ಗುರುತ್ವ ಕೇಂದ್ರ ಮುಂದೆ ಇರಬೇಕು, ಗಾಳಿಯ ಒತ್ತಡ ಕೇಂದ್ರ ಹಿಂದೆ ಇರಬೇಕು. ಇವೆರಡರ ನಡುವೆ ಕಡೇ ಪಕ್ಷ ಕೊಳವೆಯ ಒಂದು ಅಗಲದಷ್ಟು ಅಂತರ ಇರಬೇಕು ಅನ್ನೋದು ವಾಡಿಕೆ. 25 ಮಿಲಿಮೀಟರ್ ದಪ್ಪದ ಕೊಳವೆ ಆದರೆ 25 ಮಿಲಿಮೀಟರ್ ಅಂತರ. ತೂಕ ಹಿಂದಕ್ಕೆ ಸರಿದಾಗ, ಒತ್ತಡ ಕೇಂದ್ರವನ್ನೂ ಹಿಂದಕ್ಕೆ ಎಳೆಯೋಕೆ ದೊಡ್ಡ ರೆಕ್ಕೆ ಬೇಕು.

ಎರಡು ಹಂತ ಸೇರುವ ಜಾಗ ತುಂಬಾ ಮುಖ್ಯ. ಬಿಗಿಯಾದರೆ ಬಿಡಿಸಿಕೊಳ್ಳಲ್ಲ, ಸಡಿಲವಾದರೆ ಹಾರುವಾಗಲೇ ಅಲುಗಾಡುತ್ತೆ. ಮರಳು ಕಾಗದದಲ್ಲಿ ಉಜ್ಜಿ, ಬೂಸ್ಟರ್ ನಯವಾಗಿ ಜಾರಿ ಬರೋ ಹಾಗೆ ಮಾಡಬೇಕು.

ಎಂಜಿನ್ನಿನ ಮೇಲಿನ ಮೂರು ಗುರುತು

ಕಾರ್ಖಾನೆಯಲ್ಲಿ ಮಾಡಿದ ಎಂಜಿನ್ ಹೆಬ್ಬೆರಳು ಗಾತ್ರದ್ದು. ಸಾಮಾನ್ಯವಾದದ್ದು 18 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ಗಟ್ಟಿ ಕಾಗದದ ಹೊರಕವಚ, ಒಳಗೆ ಹತ್ತು–ಹನ್ನೆರಡು ಗ್ರಾಂನಷ್ಟು ಒತ್ತಿ ಕೂರಿಸಿದ ಕರಿಮದ್ದು, ಕೆಳಗೆ ಜೇಡಿಮಣ್ಣಿನ ನಾಜಲ್.

ಅದರ ಮೇಲೆ 'ಸಿ6–7' ಅಂತ ಬರೆದಿರುತ್ತೆ ಅಂದುಕೊಳ್ಳಿ. 'ಸಿ' ಅಂದ್ರೆ ಒಟ್ಟು ಶಕ್ತಿಯ ದರ್ಜೆ. ಎ, ಬಿ, ಸಿ, ಡಿ ಅಂತ ಒಂದೊಂದು ಅಕ್ಷರ ಮುಂದೆ ಹೋದಂತೆ ದರ್ಜೆಯ ಮಿತಿ ಎರಡರಷ್ಟಾಗುತ್ತೆ. 'ಸಿ' ದರ್ಜೆಯ ಗರಿಷ್ಠ ಮಿತಿ 10 ನ್ಯೂಟನ್–ಸೆಕೆಂಡ್. ಮುಂದಿನ '6' ಸರಾಸರಿ ಒತ್ತುಬಲ, ನ್ಯೂಟನ್‌ಗಳಲ್ಲಿ. ಅಂದ್ರೆ ಸುಮಾರು 600 ಗ್ರಾಂ ತೂಕವನ್ನ ಎತ್ತಿ ಹಿಡಿಯೋ ಬಲ. ಒತ್ತುಬಲ ರಾಕೆಟ್ ತೂಕದ ಐದು ಪಟ್ಟಾದರೂ ಇರಬೇಕು ಅಂತ ಲೆಕ್ಕ ಹಾಕಿದರೆ, ಇಡೀ ರಾಕೆಟ್ 120 ಗ್ರಾಂ ಒಳಗೆ ಇರಬೇಕು. ಎರಡು ಎಂಜಿನ್, ಅಂಟು, ಬಣ್ಣ ಎಲ್ಲಾ ಸೇರಿ! ಅದಕ್ಕೇ ಬಣ್ಣವನ್ನ ಧಾರಾಳವಾಗಿ ಬಳಿಯಬಾರದು.

ಕೊನೆಯ '7' ಅಂದ್ರೆ ತಡ. ಮದ್ದು ಉರಿದು ಮುಗಿದ ಮೇಲೆ ಏಳು ಸೆಕೆಂಡ್ ಬಿಟ್ಟು, ಒಂದು ಸಣ್ಣ ಸ್ಫೋಟ ಮುಂದಕ್ಕೆ ಹೊಡೆದು ಪ್ಯಾರಾಚೂಟನ್ನ ಹೊರಗೆ ತಳ್ಳುತ್ತೆ. ಆ ಹೊತ್ತಿಗೆ ರಾಕೆಟ್ ತನ್ನ ವೇಗದಲ್ಲೇ ಮೇಲೆ ಹೋಗಿ ತುದಿ ಮುಟ್ಟಿರುತ್ತೆ.

ಬೂಸ್ಟರ್ ಎಂಜಿನ್ನಿನಲ್ಲಿ ಈ ಕೊನೆಯ ಅಂಕಿ ಸೊನ್ನೆ: 'ಸಿ6–0'. ತಡ ಇಲ್ಲ, ಮುಂದಿನ ಮುಚ್ಚಳ ಇಲ್ಲ. ಮದ್ದು ಕೆಳಗಿನಿಂದ ಮೇಲಕ್ಕೆ ಉರಿಯುತ್ತಾ ಬಂದು, ಕೊನೆಗೆ ಉಳಿದ ತೆಳು ಪದರ ಒಡೆದು, ಕೆಂಡದಂಥ ಚೂರುಗಳು ಮೇಲಿನ ಎಂಜಿನ್ನಿನ ನಾಜಲ್‌ಗೆ ನುಗ್ಗುತ್ತವೆ. ಮೇಲಿನದು ಹೊತ್ತಿಕೊಳ್ಳೋದು ಹಾಗೆ. ವೈರ್ ಇಲ್ಲ, ಬ್ಯಾಟರಿ ಇಲ್ಲ. ಕೆಳಗಿನದು ಸಾಯುತ್ತಾ ಮೇಲಿನದಕ್ಕೆ ಬೆಂಕಿ ಕೊಟ್ಟು ಹೋಗುತ್ತೆ.

ಇಲ್ಲೊಂದು ಚಿಕ್ಕ ಉಪಾಯ ಇದೆ. ಎರಡು ಎಂಜಿನ್ ತುದಿಗೆ ತುದಿ ಮುಟ್ಟುವ ಕಿಟ್‌ಗಳಲ್ಲಿ, ಆ ಸಂದಿಗೆ ಒಂದೇ ಒಂದು ಸುತ್ತು ಸೆಲ್ಲೋ ಟೇಪ್ ಸುತ್ತುತ್ತಾರೆ. ಯಾಕೆ? ಬೂಸ್ಟರ್‌ನಿಂದ ಮೊದಲು ನುಗ್ಗೋ ಬಿಸಿಗಾಳಿಯ ಒತ್ತಡಕ್ಕೆ ಎರಡು ಹಂತ ಬೇರೆಯಾಗಿಬಿಟ್ಟರೆ, ಕೆಂಡ ಮೇಲಿನ ಎಂಜಿನ್ ತಲುಪಲ್ಲ. ಟೇಪ್ ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತೆ. ಆಮೇಲೆ ಕಿತ್ತುಬರುತ್ತೆ.

ಎರಡನೇ ಹಂತಕ್ಕೆ ಬುದ್ಧಿ ಇಲ್ಲ

ಈಗ ಇಡೀ ಹಾರಾಟವನ್ನ ಗಡಿಯಾರ ಇಟ್ಟು ನೋಡೋಣ. ಸೊನ್ನೆ ಸೆಕೆಂಡಿಗೆ ವಿದ್ಯುತ್ ಇಗ್ನೈಟರ್ ಬೂಸ್ಟರ್‌ಗೆ ಬೆಂಕಿ ಕೊಡುತ್ತೆ. ಇಗ್ನೈಟರ್ ಇರೋದು ಕೆಳಗಿನ ಎಂಜಿನ್‌ಗೆ ಮಾತ್ರ. ಎರಡು ಸೆಕೆಂಡಿನ ಆಸುಪಾಸು ಬೂಸ್ಟರ್ ಮುಗಿದು, ಮೇಲಿನದು ಹೊತ್ತಿಕೊಳ್ಳುತ್ತೆ. ಬೂಸ್ಟರ್ ಪಲ್ಟಿ ಹೊಡೆಯುತ್ತಾ ಕೆಳಗೆ ಬೀಳುತ್ತೆ. ಹಗುರವಾಗಿರೋದರಿಂದ ಅದಕ್ಕೆ ಪ್ಯಾರಾಚೂಟ್ ಬೇಡ. ನಾಲ್ಕನೇ ಸೆಕೆಂಡಿಗೆ ಮೇಲಿನದೂ ಉರಿದು ಮುಗಿಯುತ್ತೆ. ಹನ್ನೊಂದನೇ ಸೆಕೆಂಡಿಗೆ ಪ್ಯಾರಾಚೂಟ್. ಎತ್ತರ ಮುನ್ನೂರು ಮೀಟರ್ ಆಸುಪಾಸು.

ಈಗ ಬೂಸ್ಟರ್‌ಗೆ ಸೊನ್ನೆಯ ಬದಲು ತಡ ಇರೋ ಎಂಜಿನ್ ಹಾಕಿದರೆ ಏನಾಗುತ್ತೆ? ಬೂಸ್ಟರ್ ಉರಿದು ಮುಗಿದ ಮೇಲೆ ಐದಾರು ಸೆಕೆಂಡ್ ಏನೂ ಆಗಲ್ಲ. ಅಷ್ಟರಲ್ಲಿ ರಾಕೆಟ್ ತುದಿ ಮುಟ್ಟಿ, ಬಾಗಿ, ಮೂತಿ ನೆಲದ ಕಡೆ ತಿರುಗಿರುತ್ತೆ. ಆಗ ಎರಡನೇ ಎಂಜಿನ್ ಹೊತ್ತಿಕೊಂಡರೆ? ಪೂರ್ತಿ ಬಲದಲ್ಲಿ ಕೆಳಕ್ಕೆ ಬರುತ್ತೆ.

ಇವತ್ತಿನ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ. ಎರಡನೇ ಹಂತಕ್ಕೆ ಬುದ್ಧಿ ಇಲ್ಲ. ಹೊತ್ತಿಕೊಂಡ ಕ್ಷಣದಲ್ಲಿ ಮೂತಿ ಯಾವ ಕಡೆ ಇದೆಯೋ ಆ ಕಡೆಗೇ ಹೋಗುತ್ತೆ. ಒಂದೇ ಹಂತದ ರಾಕೆಟ್ ಓರೆಯಾದರೆ ಹತ್ತಿರದಲ್ಲಿ ಬೀಳುತ್ತೆ. ಎರಡು ಹಂತದ್ದು ಓರೆಯಾದರೆ, ಆ ಓರೆಯಲ್ಲೇ ಮತ್ತೆ ವೇಗ ತುಂಬಿಕೊಳ್ಳುತ್ತೆ. 30 ಡಿಗ್ರಿ ಓರೆಯಾಗಿ 200 ಮೀಟರ್ ಸಾಗಿದರೆ ಅದು ಪಕ್ಕಕ್ಕೆ 100 ಮೀಟರ್ ಹೋಗಿರುತ್ತೆ. ಆ 100 ಮೀಟರ್ ಆಚೆ ಯಾರಿದ್ದಾರೆ?

ಹಂತ ಬೇರ್ಪಡೋದು ದೊಡ್ಡವರಿಗೂ ಸುಲಭ ಅಲ್ಲ. 1993ರ ಸೆಪ್ಟೆಂಬರ್ 20ರಂದು ಇಸ್ರೊದ ಮೊದಲ ಪಿಎಸ್‌ಎಲ್‌ವಿ ಕಕ್ಷೆ ಸೇರಲಿಲ್ಲ. ಎರಡನೇ ಮತ್ತು ಮೂರನೇ ಹಂತ ಬೇರೆಯಾಗುವ ಹೊತ್ತಿನಲ್ಲೇ ರಾಕೆಟ್‌ನ ದಿಕ್ಕು ಏರುಪೇರಾಯಿತು. ಮುಂದಿನ ವರ್ಷ, 1994ರ ಅಕ್ಟೋಬರ್‌ನಲ್ಲಿ ಎರಡನೇ ಪಿಎಸ್‌ಎಲ್‌ವಿ ಗೆದ್ದಿತು.

ದೀಪಾವಳಿ ಮದ್ದು ಯಾಕೆ ಬೇಡ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಕಾರ್ಖಾನೆಯ ಎಂಜಿನ್‌ನಲ್ಲಿ ಮದ್ದನ್ನ ಯಂತ್ರ ಭಾರಿ ಒತ್ತಡ ಹಾಕಿ ಕಲ್ಲಿನ ಹಾಗೆ ಕೂರಿಸಿರುತ್ತೆ. ಹಾಗಾಗಿ ಬೆಂಕಿ ಒಂದು ಕಡೆಯಿಂದ ಪದರ ಪದರವಾಗಿ ತಿನ್ನುತ್ತಾ ಹೋಗುತ್ತೆ, ಊದಿನಕಡ್ಡಿ ಉರಿದ ಹಾಗೆ. ಕೈಯಲ್ಲಿ ತುಂಬಿದ ಮದ್ದಿನಲ್ಲಿ ಸಂದು, ಬಿರುಕು ಇದ್ದೇ ಇರುತ್ತೆ. ಬೆಂಕಿ ಆ ಸಂದುಗಳಲ್ಲಿ ನುಗ್ಗಿ ಎಲ್ಲಾ ಕಡೆ ಒಟ್ಟಿಗೆ ಹತ್ತಿಕೊಳ್ಳುತ್ತೆ. ಅದು ಎಂಜಿನ್ ಅಲ್ಲ, ಪಟಾಕಿ. ಇನ್ನು ಮದ್ದು ಕೆರೆಯುವಾಗ, ಕುಟ್ಟುವಾಗ, ಒಂದು ಉಜ್ಜಿಗೆ, ಒಂದು ಕಿಡಿಗೆ ಕೈಯಲ್ಲೇ ಹೊತ್ತಿಕೊಳ್ಳಬಹುದು. ಮುಖ ಅದರ ಮೇಲೇ ಬಗ್ಗಿರುತ್ತೆ.

ಅಕಸ್ಮಾತ್ ಹಾರಿತು ಅಂತಾನೇ ಇಟ್ಟುಕೊಳ್ಳಿ. ಎರಡನೇ ಹಂತ ಯಾವಾಗ ಹೊತ್ತುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಮೇಲೆ ಹೇಳಿದ ಗಡಿಯಾರವೇ ಇಲ್ಲ.

ಕಾಗದ ಹರಿಯುತ್ತೆ, ಪೈಪ್‌ನಲ್ಲಿ ತುಂಬೋಣ ಅಂತ ಕೆಲವರು ಯೋಚಿಸ್ತಾರೆ. ಅದು ಇನ್ನೂ ಅಪಾಯ. ಇದಕ್ಕೆ ನಮ್ಮ ಕೋಲಾರದ ಇತಿಹಾಸದಲ್ಲೇ ಪಾಠ ಇದೆ. ಹೈದರಾಲಿ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ನ ಗುಟ್ಟು ಕಬ್ಬಿಣದ ಕೊಳವೆ. ಕಾಗದ, ಬಿದಿರು ತಡೆಯದ ಒತ್ತಡವನ್ನ ಕಬ್ಬಿಣ ತಡೀತಿತ್ತು, ಅದಕ್ಕೇ ಅದು ಹೆಚ್ಚು ದೂರ ಹೋಗ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಆದರೆ ಅದು ಯುದ್ಧದ ಆಯುಧ. ಕಬ್ಬಿಣ ಒಡೆದರೆ ಚೂರುಗಳು ಗುಂಡಿನ ಹಾಗೆ ಹಾರ್ತವೆ. ಶತ್ರುವಿನ ಕಡೆ ಬಿಡೋದಕ್ಕೆ ಮಾಡಿದ್ದನ್ನ ಮನೆ ಅಂಗಳದಲ್ಲಿ ಮಕ್ಕಳ ಪಕ್ಕ ಇಡಬಾರದು.

ಮಾಡೆಲ್ ರಾಕೆಟ್ ಅನ್ನೋ ಹವ್ಯಾಸ ಬೆಳೆದಿದ್ದೂ ಇದೇ ಅಪಾಯ ತಪ್ಪಿಸೋಕೆ. 1954ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಶೂ ಅಂಗಡಿ ನಡೆಸ್ತಿದ್ದ ಆರ್ವಿಲ್ ಕಾರ್ಲೈಲ್ ಮತ್ತು ಅವರ ಸಹೋದರ ಸೇರಿ ಕಾಗದದ ರಾಕೆಟ್, ಬದಲಿಸಬಹುದಾದ ಎಂಜಿನ್, ಪ್ಯಾರಾಚೂಟ್ ಇರೋ ಮಾದರಿ ಮಾಡಿದರು. ಕ್ಷಿಪಣಿ ಕೇಂದ್ರದಲ್ಲಿ ಕೆಲಸ ಮಾಡಿದ್ದ ಹ್ಯಾರಿ ಸ್ಟೈನ್ ಅನ್ನೋರು, ಹುಡುಗರು ಲೋಹದ ಪೈಪ್‌ಗೆ ಮದ್ದು ತುಂಬಿ ಕೈ, ಕಣ್ಣು ಕಳೆದುಕೊಳ್ಳೋದನ್ನ ಕಂಡು 1957ರಲ್ಲಿ ಇದರ ಬಗ್ಗೆ ಪತ್ರಿಕೆಯಲ್ಲಿ ಬರೆದರು. ಅವರ ಮಾತಿನ ಸಾರ ಇಷ್ಟೇ: ರಾಕೆಟ್ ನೀವು ಮಾಡಿ, ಮದ್ದನ್ನ ಮಾತ್ರ ಮುಟ್ಟಬೇಡಿ. ಆ ಡಬ್ಬಿಯ ಮೂಲ ನಿಯಮವೇ ಅದು.

ಕಾನೂನೂ ಇದೆ. 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದು ತಯಾರಿಸೋದು, ಹೊರದೇಶದಿಂದ ತರಿಸೋದು ಅಪರಾಧ. "ಮುಂದಿನ ಸಲ ಬರುವಾಗ ಚಿಕ್ಕಪ್ಪ ಸೂಟ್‌ಕೇಸ್‌ನಲ್ಲಿ ಎಂಜಿನ್ ಹಾಕ್ಕೊಂಡು ಬರಲಿ" ಅನ್ನೋದೂ ಆಗಲ್ಲ. ಪ್ರಯಾಣಿಕರ ವಿಮಾನದ ಲಗೇಜ್‌ನಲ್ಲಿ ಸ್ಫೋಟಕ ನಿಷಿದ್ಧ. ಚಿಕ್ಕಪ್ಪ ಎಂಜಿನ್ ಬಿಟ್ಟು ಬಂದಿದ್ದು ಮರೆವಿನಿಂದ ಅಲ್ಲ, ಸರಿಯಾಗೇ ಮಾಡಿದ್ದಾರೆ.

ಎಂದಾದರೂ ಹಾರಿಸುವುದಾದರೆ

ಹುಡುಗ ಮುಂದೆ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಅನುಮತಿ ಇರೋ ತಂಡದ ಜೊತೆ ಹಾರಿಸಬಹುದು, ಅಥವಾ ಚಿಕ್ಕಪ್ಪನ ಊರಿಗೇ ಹೋಗಿ ಹಾರಿಸಬಹುದು. ಅವತ್ತಿಗೆ ಬೇಕಾಗುವ ಲೆಕ್ಕ ಹೇಳ್ತೀನಿ.

ಅಮೆರಿಕದ ರಾಕೆಟ್ ಹವ್ಯಾಸಿಗಳ ಸುರಕ್ಷತಾ ನಿಯಮದ ಪ್ರಕಾರ, ಎರಡು 'ಸಿ' ಎಂಜಿನ್ ಸೇರಿದರೆ ಅದು 'ಡಿ' ದರ್ಜೆಯ ಶಕ್ತಿ. ಅದಕ್ಕೆ ಮೈದಾನ ಎಲ್ಲಾ ಕಡೆಯಿಂದಲೂ 150 ಮೀಟರ್ ಆದರೂ ಇರಬೇಕು. ಹಚ್ಚುವವರು ಐದು ಮೀಟರ್ ದೂರ ನಿಲ್ಲಬೇಕು. ಹೊತ್ತಿಕೊಳ್ಳಲಿಲ್ಲ ಅಂದ್ರೆ ಬ್ಯಾಟರಿ ತೆಗೆದು, ಒಂದು ನಿಮಿಷ ಕಾದು ಆಮೇಲೆ ಹತ್ತಿರ ಹೋಗಬೇಕು. ಗಾಳಿ ಗಂಟೆಗೆ 32 ಕಿ.ಮೀ. ದಾಟಿದ್ದರೆ ಹಾರಿಸಲೇಬಾರದು. ಎರಡು ಹಂತಕ್ಕೆ ಇನ್ನೂ ಕಡಿಮೆ ಗಾಳಿ ಒಳ್ಳೇದು. ರೆಕ್ಕೆಗೆ ಗಾಳಿ ಹೊಡೆದು, ರಾಕೆಟ್ ಗಾಳಿ ಬರೋ ಕಡೆಗೇ ಮೂತಿ ತಿರುಗಿಸುತ್ತೆ. ಎರಡನೇ ಹಂತದ ಬಗ್ಗೆ ಆಗಲೇ ಹೇಳಿದೆನಲ್ಲ.

ಪ್ಯಾರಾಚೂಟ್‌ಗೂ ಲೆಕ್ಕ ಇದೆ. 300 ಮೀಟರ್ ಎತ್ತರದಿಂದ ಸೆಕೆಂಡಿಗೆ ನಾಲ್ಕು ಮೀಟರ್ ಇಳಿದರೆ 75 ಸೆಕೆಂಡ್ ಗಾಳಿಯಲ್ಲಿರುತ್ತೆ. ಸೆಕೆಂಡಿಗೆ ಮೂರು ಮೀಟರಿನ ಮೆಲುಗಾಳಿ ಇದ್ದರೂ 225 ಮೀಟರ್ ತೇಲಿಹೋಗುತ್ತೆ. ಅದಕ್ಕೇ ಬಹಳ ಜನ ಪ್ಯಾರಾಚೂಟ್ ಬದಲು ಬೇಗ ಇಳಿಯೋ ಪಟ್ಟಿ ಕಟ್ಟುತ್ತಾರೆ.

ಶ್ರೀನಿವಾಸಪುರದಲ್ಲಿ ಅಷ್ಟು ದೂರ ಹೋದರೆ ಯಾವ ಕಡೆ ನೋಡಿದರೂ ಮಾವಿನ ತೋಪು. ಬೇಸಿಗೆಯಲ್ಲಿ ಮರದ ಕೆಳಗೆಲ್ಲಾ ಒಣ ಎಲೆ, ಒಣ ಹುಲ್ಲು. ಬಿಸಿ ಆರದ ಒಂದು ಬೂಸ್ಟರ್ ಅಲ್ಲಿ ಬಿದ್ದರೆ ಯಾರದೋ ವರ್ಷದ ಫಸಲಿಗೆ ಕುತ್ತು. ಹಿಂದೆ ಒಣಗಿದ ಕೆರೆಯಂಗಳ ಅಂದ್ರೆ ಊರಿಗೊಂದು ಮೈದಾನ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ಅದನ್ನೂ ನೋಡಿಕೊಂಡೇ ಹೇಳಬೇಕು.

ಈಗಲೇ ಏನು ಮಾಡಬಹುದು?

ಹುಡುಗನ ಕೈಯಲ್ಲಿ ಮೂರು ಕೆಲಸ ಇವೆ.

ಮೊದಲನೆಯದು, ಕಿಟ್ ಪೂರ್ತಿ ಕಟ್ಟಲಿ. ಎಂಜಿನ್ ಬದಲು ಅದೇ ಗಾತ್ರದ ಕಾಗದದ ಸುರುಳಿಯಲ್ಲಿ ಮರಳು ತುಂಬಿ, ಒಂದೊಂದನ್ನ ಸುಮಾರು 25 ಗ್ರಾಂ ತೂಗುವಂತೆ ಮಾಡಿ ಒಳಗೆ ಇಡಲಿ. ರಾಕೆಟ್ ಸಮತೂಕವಾಗಿ ನಿಲ್ಲೋ ಜಾಗಕ್ಕೆ ಎರಡು ಮೀಟರ್ ದಾರ ಕಟ್ಟಿ, ಬಯಲಲ್ಲಿ ತಲೆಯ ಮೇಲೆ ಸುತ್ತ ತಿರುಗಿಸಲಿ. ಮೂತಿ ಮುಂದಾಗಿ ಸಾಗಿದರೆ ಸಮತೋಲ ಸರಿ ಇದೆ. ಅಡ್ಡಡ್ಡ, ಹಿಂದುಮುಂದಾಗಿ ಹೋದರೆ ಮೂತಿಗೆ ಸ್ವಲ್ಪ ಜೇಡಿಮಣ್ಣು ಸೇರಿಸಿ ಮತ್ತೆ ನೋಡಲಿ. ಇದನ್ನ ಎರಡು ಸಲ ಮಾಡಬೇಕು. ಬೂಸ್ಟರ್ ಜೊತೆಗೆ ಒಂದು ಸಲ, ಮೇಲಿನ ಹಂತ ಒಂದೇ ಇದ್ದಾಗ ಇನ್ನೊಂದು ಸಲ. ಆಕಾಶದಲ್ಲಿ ಅದು ಎರಡು ಬೇರೆ ಬೇರೆ ರಾಕೆಟ್.

ಎರಡನೆಯದು, ಬಲೂನ್ ರಾಕೆಟ್. ಉದ್ದನೆಯ ಬಲೂನ್ ಎರಡು, ಸ್ಟ್ರಾ ಎರಡು, ಒಂದು ಗಟ್ಟಿ ಕಾಗದದ ಲೋಟ, ನಯವಾದ ನೈಲಾನ್ ದಾರ, ಟೇಪ್, ಬಟ್ಟೆ ಕ್ಲಿಪ್ ಎರಡು. ದಾರಕ್ಕೆ ಸ್ಟ್ರಾ ಪೋಣಿಸಿ ಎರಡು ಕಂಬಕ್ಕೆ ಬಿಗಿಯಾಗಿ ಕಟ್ಟಿ. ಲೋಟದ ಬಾಯಿಯ ಕಡೆಯಿಂದ ಒಂದು ಉಂಗುರ ಕತ್ತರಿಸಿ. ಮೊದಲ ಬಲೂನನ್ನ ಮುಕ್ಕಾಲು ಊದಿ, ಅದರ ಬಾಯಿಯನ್ನ ಉಂಗುರದೊಳಗೆ ಹಾಯಿಸಿ, ತಿರುಚಿ ಕ್ಲಿಪ್ ಹಾಕಿ. ಎರಡನೇ ಬಲೂನಿನ ತಲೆ ಅದೇ ಉಂಗುರದೊಳಗೆ ಬರೋ ಹಾಗೆ ಊದಿ. ಅದು ಉಬ್ಬಿ, ಮೊದಲ ಬಲೂನಿನ ಬಾಯಿಯನ್ನ ಉಂಗುರಕ್ಕೆ ಒತ್ತಿ ಹಿಡಿಯುತ್ತೆ. ಎರಡನೆಯದರ ಬಾಯಿಗೂ ಕ್ಲಿಪ್ ಹಾಕಿ, ಎರಡನ್ನೂ ಸ್ಟ್ರಾಗೆ ಟೇಪ್ ಮಾಡಿ. ಮೊದಲನೆಯದರ ಕ್ಲಿಪ್ ತೆಗೆಯಿರಿ, ಗಾಳಿ ಹೋಗಲ್ಲ. ಈಗ ಹಿಂದಿನದನ್ನ ಬಿಡಿ. ಹಿಂದಿನ ಬಲೂನು ಎರಡನ್ನೂ ತಳ್ಳಿಕೊಂಡು ಹೋಗುತ್ತೆ. ಸೊರಗುತ್ತಿದ್ದ ಹಾಗೆ ಹಿಡಿತ ಬಿಡುತ್ತೆ. ಮುಂದಿನದು ಕಳಚಿಕೊಂಡು ತಾನೇ ಓಡುತ್ತೆ. ಮೊದಲೆರಡು ಸಲ ತಪ್ಪುತ್ತೆ, ಬಿಡಬೇಡಿ.

ಮೂರನೆಯದು, ದೊಡ್ಡವರು ಜೊತೆಗಿದ್ದರೆ ನೀರಿನ ರಾಕೆಟ್. ಸೋಡಾ ಥರದ ಗ್ಯಾಸ್ ಪಾನೀಯದ ಪ್ಲಾಸ್ಟಿಕ್ ಬಾಟಲಿ, ಮೂರನೇ ಒಂದು ಭಾಗ ನೀರು, ಸೈಕಲ್ ಪಂಪ್. ಗೀರು ಬಿದ್ದ ಬಾಟಲಿ ಬೇಡ, ಗಾಜು, ಲೋಹ ಅಂತೂ ಬೇಡವೇ ಬೇಡ. ದೂರದಿಂದ ದಾರ ಎಳೆದು ಬಿಡಬೇಕು. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ. ಶಾಲೆಯ ವಿಜ್ಞಾನದ ಮೇಷ್ಟ್ರ ಹತ್ತಿರ ಮಾತಾಡಿದರೆ ಶಾಲೆಯ ಮೈದಾನದಲ್ಲೇ ಮಾಡಬಹುದು.

ಶ್ರೀನಿವಾಸಪುರದಿಂದ ಕೇಳಿದವರೇ, ನಿಮ್ಮ ಅಕ್ಕನ ಮಗನಿಗೆ ಹೀಗೆ ಹೇಳಿ. ಅವನ ಪ್ರಶ್ನೆ ತಪ್ಪಲ್ಲ, ಹುಡುಕಿದ ದಾರಿ ತಪ್ಪು. ಡಬ್ಬಿ ಹಾಳಾಗಲ್ಲ, ಕಾಯುತ್ತೆ. ಬಲೂನಿನದು ಸರಿಯಾಗಿ ಹಾರಿದ ದಿನ ವಿಡಿಯೊ ಮಾಡಿ ನಮಗೆ ಕಳಿಸಲಿ.